ಹಾಸ್ಟೆಲ್ ತಟ್ಟೆಗೆ ರೊಟ್ಟಿ, ಕಾಳು, ತಪ್ಪಲ ಪಲ್ಯ: ಕೊಪ್ಪಳ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಹಾಗೂ ಇದನ್ನು ಓದುವ ಜಿಲ್ಲೆಯ ಎಲ್ಲ ಹಿರಿಯರಿಗೆ, ಅಕ್ಕ-ತಂಗಿಯರಿಗೆ,

ಶರಣು. ನಾನು ಕೊಪ್ಪಳದಲ್ಲಿ ಖಾನಾವಳಿ ನಡೆಸುವವಳು. ನಮ್ಮ ಅತ್ತೆಯವರು ಹೂಡಿದ ಒಲೆ, ಅವರ ನಂತರ ನನ್ನ ಕೈಗೆ ಬಂದಿದೆ. ಅರ್ಜಿ ಬರೆದು ನಿಮ್ಮ ಕಚೇರಿಯ ಟಪಾಲಿಗೆ ಹಾಕಬಹುದಿತ್ತು. ಆದರೆ ನಾನು ಕೇಳುತ್ತಿರುವುದು ನಿಮ್ಮೊಬ್ಬರ ಸಹಿಯಿಂದ ಮುಗಿಯುವಂಥದ್ದಲ್ಲ, ನಾಲ್ಕು ಮಂದಿ ಓದಿ ನಾಲ್ಕು ಮಾತು ಆಡಬೇಕು. ಅದಕ್ಕೇ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಜಿಲ್ಲೆಯ ಸರ್ಕಾರಿ ಹಾಸ್ಟೆಲುಗಳಲ್ಲಿ, ಬಿಸಿಯೂಟದ ಅಡುಗೆಮನೆಗಳಲ್ಲಿ, ಕಚೇರಿ ಕ್ಯಾಂಟೀನುಗಳಲ್ಲಿ ಅನ್ನದ ಪಾಲು ಇಳಿಯಲಿ. ಕಾಳು, ಬೇಳೆ, ತಪ್ಪಲ ಪಲ್ಯದ (ಅಂದರೆ ಸೊಪ್ಪಿನ ಪಲ್ಯದ) ಪಾಲು ಏರಲಿ. ವಾರಕ್ಕೆ ಮೂರು ದಿನವಾದರೂ ಜೋಳದ ರೊಟ್ಟಿಯೋ ನುಚ್ಚೋ ಸಿಗಲಿ. ಆ ಜೋಳ, ಆ ಕಾಳು ನಮ್ಮ ಕುಷ್ಟಗಿ, ಯಲಬುರ್ಗಾ, ಕುಕನೂರಿನ ಹೊಲಗಳಿಂದಲೇ ಬರಲಿ.

ಸಸ್ಯಮೂಲದ ಊಟ ಹೆಚ್ಚು ಮಾಡಿದರೆ ದೇಹಕ್ಕೂ ಒಳ್ಳೆಯದು, ಭೂಮಿಗೂ ಒಳ್ಳೆಯದು ಎಂಬ ಮಾತು ಈಗ ಎಲ್ಲೆಡೆ ಇದೆ. ನಮ್ಮ ಕಡೆ ಈ ಮಾತು ಬಾಯಿಂದ ಬಿದ್ದ ಕೂಡಲೇ ಎದುರಿಗಿದ್ದವರು ಹೇಳಿದವರ ಜಾತಿ ಯಾವುದು ಅಂತ ಲೆಕ್ಕ ಹಾಕುತ್ತಾರೆ. ಅದಕ್ಕೆ ಕಾರಣವೂ ಇದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗದ್ದಲ ಎದ್ದಿತು ನೋಡಿ. ಆಗ ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು ಅಂತ ಕ್ಯಾಮೆರಾ ಮುಂದೆ ನಿಂತು ಗಟ್ಟಿಯಾಗಿ ಹೇಳಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಆ ಹುಡುಗಿ ಹೇಳಿದ್ದು ಸರಿ. 2024ರಲ್ಲಿ ಮೊಟ್ಟೆ ವಾರಕ್ಕೆ ಆರು ದಿನಕ್ಕೆ ಏರಿದೆ. ಅದರಲ್ಲಿ ಒಂದು ಮೊಟ್ಟೆಯೂ ಕಡಿಮೆಯಾಗಬಾರದು. ಬಿ12 ಜೀವಸತ್ವ ಕಾಳಿನಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಿಂದಲೇ ಬರಬೇಕು. ಹಾಲು ಕೊಳ್ಳಲಾಗದ ಮನೆಯ ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಯಲು ಯಾರಾದರೂ ನನ್ನ ಈ ಪತ್ರವನ್ನು ನೆಪ ಮಾಡಿಕೊಂಡರೆ ಅವರ ವಿರುದ್ಧ ಮೊದಲು ನಿಲ್ಲುವವಳು ನಾನು.

ಇನ್ನು ಮಾಂಸದ ಮಾತು. ಲೋಕದ ವಿಜ್ಞಾನಿಗಳು ಮಾಂಸ ಕಡಿಮೆ ಮಾಡಿ ಎನ್ನುವುದಕ್ಕೆ ಗಟ್ಟಿ ಆಧಾರ ಇದೆ. 2018ರಲ್ಲಿ 119 ದೇಶಗಳ ಸುಮಾರು 38,700 ಹೊಲ-ತೋಟಗಳ ಲೆಕ್ಕ ಕೂಡಿಸಿ ಒಂದು ಅಧ್ಯಯನ ಬಂತು. ಅಷ್ಟೇ ಪ್ರೋಟೀನ್ ಕಾಳಿನಿಂದ ಪಡೆಯುವುದಕ್ಕಿಂತ ದನದ, ಕುರಿಯ ಮಾಂಸದಿಂದ ಪಡೆದರೆ ಭೂಮಿಯನ್ನು ಬಿಸಿ ಮಾಡುವ ಅನಿಲ ಹತ್ತಾರು ಪಟ್ಟು ಹೆಚ್ಚು ಗಾಳಿಗೆ ಸೇರುತ್ತದೆ ಎಂಬುದು ಅದರ ಲೆಕ್ಕ. 2019ರಲ್ಲಿ ಈಟ್-ಲ್ಯಾನ್ಸೆಟ್ ಎಂಬ ವಿಜ್ಞಾನಿಗಳ ಆಯೋಗ ಇಡೀ ಲೋಕಕ್ಕೆ ಒಂದು ತಟ್ಟೆ ಬಡಿಸಿ ತೋರಿಸಿತು: ಒಬ್ಬರಿಗೆ ದಿನಕ್ಕೆ ಧಾನ್ಯ 232 ಗ್ರಾಂ, ಬೇಳೆಕಾಳು 75 ಗ್ರಾಂ, ಕೆಂಪು ಮಾಂಸ 14 ಗ್ರಾಂ. ದಿನಾ ಮಾಂಸ ತಿನ್ನುವ ಅಮೆರಿಕಾದವರಿಗೆ ಇದರಲ್ಲಿ ಕಹಿ ಎನಿಸುವುದು ಕೊನೆಯ ಅಂಕಿ. ನಮ್ಮ ಯಲಬುರ್ಗಾದ ಕೂಲಿಯವನಿಗೆ ಹಬ್ಬಕ್ಕೋ ದೇವರ ಕಾರ್ಯಕ್ಕೋ ಮಾಂಸ ಕಂಡರೆ ಹೆಚ್ಚು. ಅವನ ಕೊರತೆ ಇರುವುದು ನಡುವಿನ ಅಂಕಿಯಲ್ಲಿ. ಹೊಲದ ಕಸ-ಕಡ್ಡಿ ಮೇಯ್ದು ಗೊಬ್ಬರ ಬಿಟ್ಟುಹೋಗುವ ಕುರಿ ಹಿಂಡನ್ನೂ, ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಧಾನ್ಯ ತಿನ್ನಿಸುವ ವಿದೇಶದ ದನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮಲ್ಲಿ ಬಹುತೇಕರ ತಟ್ಟೆ ಮೊದಲಿಂದಲೂ ಸಸ್ಯದ್ದೇ. ಕೆಟ್ಟಿರುವುದು ಆ ಸಸ್ಯದ ಒಳಲೆಕ್ಕ. ಅತ್ತೆಯವರ ಕಾಲದಲ್ಲಿ ಊಟಕ್ಕೆ ಕೂತವರು ರೊಟ್ಟಿಯನ್ನು ಎರಡನೇ ಸಲ, ಮೂರನೇ ಸಲ ಕೇಳುತ್ತಿದ್ದರಂತೆ. ಅನ್ನ ಕಡೆಗೆ ಮಜ್ಜಿಗೆಗೆ ಒಂದು ತುತ್ತು. ಈಗ ಗಿರಾಕಿ ಎರಡು ರೊಟ್ಟಿ ಮುಗಿಸಿ "ಅಕ್ಕಾರ, ಅನ್ನ ಹಾಕ್ರಿ" ಅಂತ ತಟ್ಟೆ ಮುಂದೆ ಮಾಡುತ್ತಾನೆ, ಮೂರು ಸಲ ಹಾಕಿಸಿಕೊಳ್ಳುತ್ತಾನೆ, ಮಡಿಕಿ ಕಾಳಿನ ಪಲ್ಯ ಬಟ್ಟಲಲ್ಲೇ ಉಳಿಯುತ್ತದೆ. ಮನೆಗಳಲ್ಲಂತೂ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ. ಸಾರು ಎನ್ನುವುದರಲ್ಲಿ ಬೇಳೆ ಎಷ್ಟು ಅನ್ನುವುದು ನಮ್ಮ ಧಂದೆಯವರಿಗೆ ಗೊತ್ತು. ಒಂದು ಕಿಲೊ ತೊಗರಿಬೇಳೆಯಲ್ಲಿ ಅರವತ್ತು ಊಟದ ಸಾರು ಎಬ್ಬಿಸುವವರಿದ್ದಾರೆ. ಒಬ್ಬರ ಪಾಲಿಗೆ ಬೀಳುವುದು 17 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರ ಆಹಾರ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಕಾಳು-ಬೇಳೆ (ತಿನ್ನುವವರಿಗೆ ಮೊಟ್ಟೆ, ಮಾಂಸವೂ ಸೇರಿ) ದಿನಕ್ಕೆ 85 ಗ್ರಾಂ ಬೇಕು ಎಂದಿದ್ದಾರೆ. ಧಾನ್ಯದಿಂದ ಬರುವ ಶಕ್ತಿ ಒಟ್ಟಿನಲ್ಲಿ ಶೇ 45 ದಾಟಬಾರದು, ಈಗ ಅದು ಶೇ 50ರಿಂದ 70ರವರೆಗೆ ಇದೆ ಎಂದೂ ಅಲ್ಲೇ ಬರೆದಿದ್ದಾರೆ.

ಪರಿಣಾಮ ನಿಮ್ಮ ಆರೋಗ್ಯ ಇಲಾಖೆಯ ಕಡತಗಳಲ್ಲೇ ಇರುತ್ತದೆ, ಹೆಚ್ಚು ಹೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇನ್ನೊಂದು ಕಡೆ, 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ. ಹೊಟ್ಟೆ ತುಂಬಿ ಮೈ ತುಂಬದಿರುವುದು, ಮೈ ತುಂಬಿ ಸಕ್ಕರೆ ಏರುವುದು, ಎರಡೂ ಒಂದೇ ಮನೆಯಲ್ಲಿ ಕಾಣುತ್ತಿವೆ.

ಈಗ ಹೊಲಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಎರಡು ನೆಲಗಳಿವೆ. ಗಂಗಾವತಿ, ಕಾರಟಗಿ ಕಡೆ ಕಾಲುವೆ, ಗದ್ದೆ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾ ಕಡೆ ಎರಿ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು), ಮಳೆ ನಂಬಿದ ಬದುಕು. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೊಮೀಟರ್. ಅದನ್ನು ಯೋಜಿಸಿದವರು ಹೆಚ್ಚಿನ ಜಮೀನಿಗೆ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಎಂದೇ ಗುರುತು ಹಾಕಿದ್ದರು. ಭತ್ತಕ್ಕೆ ಬಿಟ್ಟದ್ದು ಸಣ್ಣ ಪಾಲು. ಆದದ್ದೇ ಬೇರೆ. ಮೇಲ್ಭಾಗದವರು ಭತ್ತ ಹಾಕಿದರು, ಕೊನೆಭಾಗದ ಮಾನ್ವಿ, ಸಿರವಾರ, ರಾಯಚೂರಿನವರು ನೀರಿಗಾಗಿ ವರ್ಷವೂ ಹೋರಾಟ ಮಾಡುತ್ತಾರೆ. ನಿಂತ ನೀರಿನಿಂದ ಸವಳಾದ ಭೂಮಿಯ ಕಥೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿದರೆ ಹೇಳುತ್ತಾರೆ. ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಳಚಿ ಗೇಟೇ ಕೊಚ್ಚಿಹೋದಾಗ ಜಿಲ್ಲೆಯವರೆಲ್ಲ ಕೈಯಲ್ಲಿ ಜೀವ ಹಿಡಿದು ಕೂತಿದ್ದೆವು. ಅಷ್ಟು ನೀರಿನ ಮೇಲೆ ನಮ್ಮ ತಟ್ಟೆ ನಿಂತಿದೆ. ಒಂದು ಕಿಲೊ ಭತ್ತಕ್ಕೆ ಮಳೆ, ಕಾಲುವೆ ಎಲ್ಲ ಸೇರಿ ಸರಾಸರಿ 2,500 ಲೀಟರ್ ನೀರು ಬೇಕು. ನೀರು ನಿಂತ ಗದ್ದೆಯ ಕೆಸರಿನಿಂದ ಮೀಥೇನ್ ಏಳುತ್ತದೆ, ಅದೂ ಭೂಮಿಯನ್ನು ಬಿಸಿ ಮಾಡುವ ಅನಿಲವೇ. ಮನುಷ್ಯರಿಂದಾಗಿ ಗಾಳಿಗೆ ಸೇರುವ ಮೀಥೇನಿನಲ್ಲಿ ಶೇ 8ರಷ್ಟು ಭತ್ತದ ಗದ್ದೆಗಳದ್ದೇ. ಮಾಂಸ ಮುಟ್ಟದವರಿಗೂ ಭೂಮಿಯ ಲೆಕ್ಕದಲ್ಲಿ ಬಾಕಿ ಇದೆ ಅಂತ ಇದರರ್ಥ. ಗದ್ದೆಯವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ, ಸೋನಾ ಮಸೂರಿ ಬೆಳೆದು ಅವರು ಮನೆ ಕಟ್ಟಿಕೊಂಡರು, ಮಕ್ಕಳನ್ನು ಓದಿಸಿದರು. ಸರ್ಕಾರ ಕೊಳ್ಳುವುದು ಅಕ್ಕಿಯೇ ಆದರೆ ಅವರು ಇನ್ನೇನು ಬೆಳೆಯಬೇಕು?

ಒಣ ಬೇಸಾಯದ ಕಡೆಯೂ ಚಿತ್ರ ಬದಲಾಗಿದೆ. ಮುಂಗಾರಿಗೆ ಹೆಸರು, ಮಡಿಕಿ, ಅಲಸಂದಿ, ಸಜ್ಜೆ, ಅಕ್ಕಡಿ ತೊಗರಿ ಕಾಣುತ್ತಿದ್ದ ಹೊಲಗಳಲ್ಲಿ ಈಗ ಕಣ್ಣು ಹಾಯುವಷ್ಟೂ ಮೆಕ್ಕೆಜೋಳ. ಅದನ್ನು ನಾವು ತಿನ್ನುವುದಿಲ್ಲ. ಬಹುಪಾಲು ಕೋಳಿ ಮೇವಿಗೆ, ಸ್ಟಾರ್ಚಿಗೆ, ಎಥನಾಲಿಗೆ ಹೋಗುತ್ತದೆ. 2025ರ ನವೆಂಬರ್‌ನಲ್ಲಿ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆಯೂ ಸಿಗದೆ ಪಕ್ಕದ ಗದಗ ಜಿಲ್ಲೆಯ ರೈತರು ರಸ್ತೆಗಿಳಿದಿದ್ದನ್ನು ನೀವು ಕಂಡಿದ್ದೀರಿ. ಅದೇ ವರ್ಷದ ಮುಂಗಾರಿನಲ್ಲಿ ಯೂರಿಯಾ ಚೀಲಕ್ಕೆ ನಮ್ಮವರು ನಸುಕಿನಲ್ಲೇ ಸರದಿ ನಿಂತರು. ಮೆಕ್ಕೆಜೋಳಕ್ಕೆ ಯೂರಿಯಾ ಸುರಿದಷ್ಟೂ ಸಾಲದು. ಕಾಳಿನ ಗಿಡ ಹಾಗಲ್ಲ, ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ, ಮುಂದಿನ ಹಿಂಗಾರಿ ಜೋಳಕ್ಕೂ ಒಂದಿಷ್ಟು ಬಿಟ್ಟುಹೋಗುತ್ತದೆ. ಹೊಲಕ್ಕೆ ಸುರಿದ ಯೂರಿಯಾದಲ್ಲಿ ಒಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಮೇಲೇರುತ್ತದೆ. ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಶಾಖ ಹಿಡಿಯುವ ಅನಿಲ ಅದು. ಹವಾಮಾನದ ಮಾತು ಎಲ್ಲೋ ದಿಲ್ಲಿಯದ್ದು ಅಂತ ಅನ್ನಿಸಬಹುದು, ನಮ್ಮ ಗೊಬ್ಬರದಂಗಡಿ ಮುಂದಿನ ಸಾಲೂ ಅದರದ್ದೇ ಒಂದು ತುದಿ.

ಹಾಗಂತ ಜೋಳವನ್ನು ಅಮೃತ ಮಾಡಿ ತಲೆ ಮೇಲೆ ಹೊರುವವಳೂ ನಾನಲ್ಲ. ಸಿರಿಧಾನ್ಯದ ಮೇಳಗಳಲ್ಲಿ ಈ ಅತಿ ಹೊಗಳಿಕೆ ಕೇಳಿ ಸಾಕಾಗಿದೆ. 1960ರ ದಶಕದಲ್ಲಿ ಹೈದರಾಬಾದಿನ ವಿಜ್ಞಾನಿಗಳು ದಕ್ಖನ್ನಿನ ಬಡವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಕಂಡರು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಬೇಧಿ ಹಿಡಿಯುತ್ತದೆ, ಮನಸ್ಸು ಮಂಕಾಗುತ್ತದೆ. ಅವರೆಲ್ಲ ಬೇರೆ ಗತಿಯಿಲ್ಲದೆ ಜೋಳವನ್ನೇ ನಂಬಿ ಬದುಕಿದವರು. ಪ್ರೋಟೀನಿನ ಲೆಕ್ಕದಲ್ಲೂ ಒಂದು ಕೊರತೆ ಇದೆ: ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ; ಎರಡೂ ಕೂಡಿದರೆ ಪ್ರೋಟೀನ್ ಪೂರ್ಣ. ಬರೀ ರೊಟ್ಟಿ ಮತ್ತು ಕೆಂಪು ಖಾರ ಬಡತನದ ಊಟ. ರೊಟ್ಟಿಗೆ ಒಂದು ಕಾಳುಪಲ್ಯ, ಒಂದು ತಪ್ಪಲ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಒಂದು ಬಟ್ಟಲು ಮೊಸರು ಕೂಡಿದಾಗಲೇ ಅದು ಊಟ. ನಾನು ಹಾಸ್ಟೆಲಿಗೆ ಕೇಳುತ್ತಿರುವುದು ಈ ಪೂರ್ತಿ ತಟ್ಟೆಯನ್ನು.

ಕೊಡಬಹುದೇ? ಒಲೆ ಮುಂದೆ ನಿಂತವಳಾಗಿ ಹೇಳುತ್ತೇನೆ, ಕಷ್ಟ ಎಲ್ಲಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಮೊದಲ ತೊಡಕು ಟೆಂಡರಿನ ಒಂದು ಪದ. "ಜೋಳ" ಎಂದಷ್ಟೇ ಬರೆದರೆ ಬರುವುದು ಹೈಬ್ರಿಡ್. ಅದರ ಹಿಟ್ಟಿಗೆ ಜಿಗಿ ಇಲ್ಲ, ತಟ್ಟುವಾಗ ಅಂಚು ಒಡೆಯುತ್ತದೆ, ಆರಿದರೆ ಹಲ್ಲಿಗೆ ಜಗ್ಗುವುದಿಲ್ಲ. ಹುಡುಗರು ಬಿಡುತ್ತಾರೆ, ವಾರ್ಡನ್ "ನೋಡ್ರಿ, ರೊಟ್ಟಿ ತಿನ್ನಂಗಿಲ್ಲ" ಎಂದು ವರದಿ ಬರೆಯುತ್ತಾರೆ. ನಮಗೆ ಬೇಕಾದ್ದು ಹಿಂಗಾರಿ ಬಿಳಿ ಜೋಳ, ಮಾಲ್ದಂಡಿ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ ಹೈಬ್ರಿಡ್‌ಗೆ 3,699, ಮಾಲ್ದಂಡಿಗೆ 3,749 ರೂಪಾಯಿ. ಇಳುವರಿ ಕಡಿಮೆ ಬರುವ ಮಾಲ್ದಂಡಿಯನ್ನು ಬರೀ 50 ರೂಪಾಯಿ ಹೆಚ್ಚಿಗೆ ಯಾವ ರೈತ ಖರೀದಿ ಕೇಂದ್ರಕ್ಕೆ ತರುತ್ತಾನೆ? ಜಿಲ್ಲಾ ಮಟ್ಟದಲ್ಲಿ ಅದಕ್ಕೆ ಮೇಲೊಂದಿಷ್ಟು ಸೇರಿಸಿ, ರೈತ ಉತ್ಪಾದಕ ಸಂಘಗಳಿಂದ ನೇರವಾಗಿ ಕೊಳ್ಳುವ ದಾರಿ ಹುಡುಕಿ. ಜೋಳವನ್ನು ಕಾಳಾಗಿಯೇ ಇಟ್ಟು ವಾರ ವಾರ ಬೀಸಿಸಬೇಕು. ಬೀಸಿ ತಿಂಗಳಿಟ್ಟ ಹಿಟ್ಟು ಕಮಟು ಹಿಡಿಯುತ್ತದೆ.

ಎರಡನೆಯದು ಹೆಣ್ಣುಮಕ್ಕಳ ರಟ್ಟೆ. ಎಸರು ಕುದಿಸಿ ಹಿಟ್ಟಿನ ನಡುವೆ ಸುರಿದು, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಗೋಧಿಯ ಅಂಟು ಜೋಳಕ್ಕಿಲ್ಲ, ಬಿಸಿನೀರಿಗೆ ಹಿಟ್ಟು ಅರೆಬೆಂದು ಬರುವ ಜಿಗಿಯೇ ಅದನ್ನು ಹಿಡಿದಿಡುವುದು. ತಟ್ಟಿ, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ತಿರುವಿ ಹಾಕಿ, ಉಬ್ಬಿದ ಮೇಲೆ ತೆಗೆಯಬೇಕು. ಕೈ ಪಳಗಿದವಳು ಒಂದು ಹಂಚಿನ ಮೇಲೆ ತಾಸಿಗೆ ಐವತ್ತು ಮಾಡಿಯಾಳು. ನೂರು ಮಕ್ಕಳ ಹಾಸ್ಟೆಲಿಗೆ ತಲೆಗೆ ಎರಡರಂತೆ ಹಿಡಿದರೂ ನಾಲ್ಕು ತಾಸು ಬೆಂಕಿ ಮುಂದೆ. ಬಿಸಿಯೂಟದ ತಾಯಂದಿರಿಗೆ ತಿಂಗಳಿಗೆ ಸಿಗುವ ಗೌರವಧನ ಐದು ಸಾವಿರವನ್ನೂ ಮುಟ್ಟಿಲ್ಲ; ಅವರ ತಲೆ ಮೇಲೆ ಈ ಕೆಲಸವನ್ನೂ ಹೇರಿದರೆ ಅದು ಅನ್ಯಾಯ. ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಕೂಡಿಸಿ "ಕಲಬುರಗಿ ರೊಟ್ಟಿ" ಎಂದು ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟಿದೆ. ನಮ್ಮಲ್ಲೂ ಊರೂರಿಗೆ ಖಡಕ್ ರೊಟ್ಟಿ ಮಾಡಿ ಮಾರುವ ಸಂಘಗಳಿವೆ. ಹಾಸ್ಟೆಲುಗಳು ಅವರಿಂದ ಕೊಳ್ಳಲಿ, ಹದಿನೈದು ದಿನಕ್ಕೊಮ್ಮೆ ತಪ್ಪದೆ ಹಣ ಕೊಡಲಿ. ಹಣ ತಡವಾದರೆ ಸಣ್ಣ ಸಂಘ ಎರಡನೇ ತಿಂಗಳಿಗೇ ಮುಳುಗುತ್ತದೆ, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಶಾಲೆಗಳಿಗೆ ರೊಟ್ಟಿಯೇ ಬೇಕೆಂಬ ಹಟ ಬೇಡ, ಜೋಳದ ನುಚ್ಚು ಸಾಕು. ಅನ್ನದಂತೆಯೇ ಪಾತ್ರೆಯಲ್ಲಿ ಬೇಯುತ್ತದೆ, ತಟ್ಟುವ ಗೋಳಿಲ್ಲ, ಬೇಳೆಗೂ ಮಜ್ಜಿಗೆಗೂ ಹೊಂದುತ್ತದೆ.

ಕಾಳಿನದು ಸುಲಭ. ಬಿಸಿಯೂಟದ ನಿಯಮದಲ್ಲೇ ಐದನೇ ತರಗತಿವರೆಗೆ ಮಗುವಿಗೆ 20 ಗ್ರಾಂ, ಆರರಿಂದ ಮೇಲೆ 30 ಗ್ರಾಂ ಬೇಳೆ ಅಂತಿದೆ. 30 ಗ್ರಾಂ ಬೇಳೆಯಲ್ಲಿ ಆರು ಗ್ರಾಂಗೂ ಮಿಗಿಲು ಪ್ರೋಟೀನ್, ಅಂದರೆ ಹೆಚ್ಚುಕಡಿಮೆ ಒಂದು ಮೊಟ್ಟೆಯಷ್ಟು. ನೂರು ಮಕ್ಕಳಿಗೆ ಮೂರು ಕಿಲೊ. ಪಾತ್ರೆಗೆ ಬೀಳುವ ಮುಂಚೆ ಮಕ್ಕಳ ಎದುರೇ ತೂಗಲಿ, ಗೋಡೆಯ ಹಲಗೆ ಮೇಲೆ ಬರೆಯಲಿ, ಸಾಕು. ದಿನಾ ತೊಗರಿಬೇಳೆಯೇ ಯಾಕೆ? ಮಡಿಕಿ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ನಮ್ಮ ಬೇಸಿಗೆಗೆ ಸಂಜೆಯೊಳಗೆ ಮೊಳಕೆ ಮೂಗು ಚಾಚುತ್ತದೆ, ಚಳಿಯಲ್ಲಿ ಇನ್ನೊಂದು ರಾತ್ರಿ ಬೇಕು. ಮೊಳಕೆ ಬಂದ ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಹೆಚ್ಚು. ಉಳ್ಳಾಗಡ್ಡಿ ಒಗ್ಗರಣೆ ಹಾಕಿ, ಇಳಿಸಿದ ಮೇಲೆ ಲಿಂಬೆ ಹಿಂಡಿದರೆ ಇನ್ನೂ ಹೆಚ್ಚು. ಊಟದ ಬೆನ್ನಿಗೇ ಚಹಾ ಕುಡಿದರೆ ಮಾತ್ರ ಅದರಲ್ಲಿ ಬಹಳಷ್ಟು ನೀರುಪಾಲು. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು, ತೊಗರಿಬೇಳೆ ಎರಡೂ ಬೀಳುತ್ತವೆ. ಒಂದೇ ಗಡಿಗೆಯಲ್ಲಿ ಸೊಪ್ಪು, ಧಾನ್ಯ, ಕಾಳು. ಶಾಲೆಯ ಹಿಂದೆ ನಾಲ್ಕು ಮಡಿ ಪುಂಡಿ, ರಾಜಗಿರಿ, ಮೆಂತ್ಯೆ ಹಾಕಲು ಕೈತೊಳೆದ ನೀರೇ ಸಾಕು.

ಇಷ್ಟು ಜನಕ್ಕೆ ಇಂಥ ಊಟ ಆಗದು ಎನ್ನುವವರನ್ನು ನಮ್ಮ ಗವಿಮಠದ ಜಾತ್ರೆಗೆ ಕಳಿಸಿ. ಪ್ರತಿ ಜನವರಿಯಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಮನೆಯಲ್ಲಿ ರೊಟ್ಟಿ ತಟ್ಟಿ, ಟ್ರ್ಯಾಕ್ಟರ್ ತುಂಬಿ ಮಹಾದಾಸೋಹಕ್ಕೆ ಕಳಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ, ಕಾಳುಪಲ್ಯ, ಮಾದಲಿ ಎಂಬ ಸಿಹಿ. ಯಾವ ಟೆಂಡರೂ ಇಲ್ಲ. ಹಾಸ್ಟೆಲಿನಲ್ಲಿ ರೊಟ್ಟಿ ಬಿಡುತ್ತಾನೆ ಅಂತ ದೂರು ಬರೆಸಿಕೊಂಡ ಹುಡುಗನೇ ಅಲ್ಲಿ ನಾಲ್ಕು ರೊಟ್ಟಿ ತಿಂದು ಕೈ ತೊಳೆಯುತ್ತಾನೆ. ಭಕ್ತಿಯ ಬಲದ ಮೇಲೆ ದಿನಾ ಅಡುಗೆ ನಡೆಸಲಾಗದು, ನಿಜ. ಆದರೆ ಕೈಗಳಿವೆ, ಕಸುಬಿದೆ, ಹೊಲವಿದೆ.

ಅನ್ನಭಾಗ್ಯದ ಹೆಚ್ಚುವರಿ 5 ಕಿಲೊ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡಬೇಕೆಂದು ರಾಜ್ಯ ಸಚಿವ ಸಂಪುಟ 2025ರಲ್ಲಿ ತೀರ್ಮಾನಿಸಿದೆ. ದಿಕ್ಕು ಸರಿಯಿದೆ. ಅದರಲ್ಲಿ ಸಕ್ಕರೆ ಯಾಕೆ ಸೇರಿತೋ ತಿಳಿಯಲಿಲ್ಲ, ಆ ಜಾಗದಲ್ಲಿ ಒಂದು ಸೇರು ಹೆಸರುಕಾಳು ಕೂರುತ್ತಿತ್ತು. ಈ ಮಾತನ್ನು ಬೆಂಗಳೂರಿಗೆ ನೀವು ಮುಟ್ಟಿಸಿದರೆ ಉಪಕಾರ. ನಿಮ್ಮ ಕೈಯಲ್ಲೇ ಇರುವ ಒಂದು ಸಣ್ಣ ಕೆಲಸವೂ ಇದೆ. ಸರ್ಕಾರಿ ಸಭೆಗಳಿಗೆ ಬರುವ ಕ್ರೀಮ್ ಬಿಸ್ಕತ್ತು, ಡಬ್ಬಿ ಜ್ಯೂಸ್ ನಿಲ್ಲಿಸಿ, ಹುರಿದ ಕಡಲೆ, ಕುದಿಸಿದ ಶೇಂಗಾ, ಮಜ್ಜಿಗೆ ತರಿಸಿ. ಅಧಿಕಾರಿಗಳು ತಿಂದದ್ದನ್ನೇ ಊರು ಅನುಸರಿಸುತ್ತದೆ ಎಂಬುದು ನಮ್ಮ ಖಾನಾವಳಿಯಲ್ಲಿ ದಿನಾ ಕಾಣುವ ಸತ್ಯ. ಸಾಹೇಬರು ಏನು ಹೇಳಿದರೋ ಪಕ್ಕದ ಮೇಜಿಗೂ ಅದೇ ಬೇಕು.

ಒಂದೇ ಸಲಕ್ಕೆ ಇಡೀ ಜಿಲ್ಲೆಯಲ್ಲಿ ಮಾಡಿ ಎನ್ನುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಕುಷ್ಟಗಿಯ ಒಂದು, ಗಂಗಾವತಿಯ ಒಂದು, ಕೊಪ್ಪಳದ ಒಂದು ಹಾಸ್ಟೆಲ್ ಆರಿಸಿ. ಮಕ್ಕಳ ತೂಕ, ಎತ್ತರ, ಹಿಮೋಗ್ಲೋಬಿನ್ ಮೊದಲೇ ಬರೆದಿಡಿ, ಪರೀಕ್ಷೆ ಮುಗಿದ ಮೇಲೆ ಮತ್ತೆ ನೋಡಿ, ಎರಡೂ ಪಟ್ಟಿಯನ್ನು ಊರಿನವರ ಮುಂದೆ ಇಡಿ. ತಟ್ಟೆಯಲ್ಲಿ ಬಿಟ್ಟದ್ದೆಷ್ಟು ಎಂಬುದನ್ನೂ ತೂಗಿಸಿ. ಆ ಮೂರು ಹಾಸ್ಟೆಲಿನ ಅಡುಗೆಯವರಿಗೆ ಕಾಳು ಮೊಳಕೆ ಕಟ್ಟುವುದು, ನುಚ್ಚಿನ ಹದ, ನೂರು ಮಂದಿಗೆ ಪುಂಡಿ ಪಲ್ಯದ ಅಳತೆ ತೋರಿಸಿಕೊಡಲು ನಾನು ಬರುತ್ತೇನೆ. ಭತ್ಯೆ ಬೇಡ. ಶುಕ್ರವಾರ ಮಾತ್ರ ಕರೆಯಬೇಡಿ, ಅವತ್ತು ನಮ್ಮಲ್ಲಿ ಗಿರಾಕಿ ಜಾಸ್ತಿ.

ಇಂತಿ,
ಖಾನಾವಳಿಯ ಒಬ್ಬ ಹೆಣ್ಣುಮಗಳು,
ಕೊಪ್ಪಳ